ನಾಲಿಗೆಯ ಚಿತ್ರ

ಫೋಶಾನ್
ಅಕ್ಟೋಬರ್ 9, 1983

ಆ-ಕ್ವಾನ್,

ನಿನ್ನ ಕಾಗದ ಬಂತು. ತುಟಿ ಒಡೆದಿದೆ, ಬೆಳಿಗ್ಗೆ ಎದ್ದರೆ ಮೂಗಿನಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ ಎಂದು ಎರಡು ಸಾಲು ಬರೆದು, ಉಳಿದ ಎರಡು ಪುಟ ನಿಮ್ಮ ಉಣ್ಣೆ ಗಿರಣಿಯ ಹೊಸ ಯಂತ್ರದ ಬಗ್ಗೆ ಕೊರೆದಿದ್ದೀಯ. ಯಂತ್ರ ಕಟ್ಟಿಕೊಂಡು ನನಗೇನಾಗಬೇಕು? ನಾಲಿಗೆ ಹೇಗಿದೆ ಎಂದು ಒಂದು ಮಾತಿಲ್ಲ. ಇಪ್ಪತ್ತೈದು ವರ್ಷ, ದಿನಾ ಬೆಳಿಗ್ಗೆ ನೀನು ಹಲ್ಲುಜ್ಜುವ ಮೊದಲು ನಾಲಿಗೆ ನೋಡಿ, ಆಮೇಲೆ ಆ ದಿನದ ಸಾರು ಯಾವುದೆಂದು ತೀರ್ಮಾನಿಸಿದವಳು ನಾನು. ಈಗ ಮೂರು ಹಗಲು ಮೂರು ರಾತ್ರಿಯ ರೈಲಿನಷ್ಟು ದೂರ ಕೂತು ಕಣ್ಣು ಕಟ್ಟಿಕೊಂಡು ಅಡುಗೆ ಹೇಳಬೇಕಾಗಿದೆ.

ಅದು ಶರತ್ಕಾಲದ ಒಣಗು. ಅಲ್ಲಿಯವರು ಕುರಿ ಮಾಂಸ, ಕೆಂಪು ಮೆಣಸಿನಕಾಯಿ ತಿಂದು ತಡೆದುಕೊಳ್ಳುತ್ತಾರೆ, ಅವರ ಮೈ ಆ ಮಣ್ಣಿನದು. ನೀನು ಹೊಳೆ ದಂಡೆಯಲ್ಲಿ ಬೆಳೆದವಳು. ಬರೀ ನೀರು ಕುಡಿಯುತ್ತೇನೆ, ಸಾಕು ಎನ್ನಬೇಡ. ಬರೀ ನೀರು ಒಂದು ಕಡೆ ಹೋಗಿ ಇನ್ನೊಂದು ಕಡೆ ಬರುತ್ತದೆ. ತೇವ ಒಳಗೆ ನಿಲ್ಲಬೇಕಾದರೆ ತಿನ್ನುವುದರಲ್ಲಿ ಇರಬೇಕು.

ಪಾರ್ಸಲ್‌ನಲ್ಲಿ ಬಿಳಿ ಅಣಬೆ, ಲಿಲ್ಲಿ ಗೆಡ್ಡೆ, ಸಿಹಿ ಜರ್ದಾಲು ಬೀಜ, ಒಣ ಅಂಜೂರ, ಎಂಟು ವರ್ಷ ಹಳೆಯ ಕಿತ್ತಳೆ ಸಿಪ್ಪೆ, ಕಲ್ಲುಸಕ್ಕರೆ ಇಟ್ಟಿದ್ದೇನೆ. ಮರಸೇಬು ಹಣ್ಣು ಅಲ್ಲೇ ಸಿಗುತ್ತದೆ. ಅಣಬೆ ಒಂದು ಗಂಟೆ ನೆನೆಸು, ಅದಕ್ಕಿಂತ ಹೆಚ್ಚು ಬೇಡ. ಎಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಎರಡು ಗಂಟೆ. ಇಳಿಸುವ ಮುಂಚೆ ಮೂರೇ ಮೂರು ಕಾಳು ಬಿಳಿಮೆಣಸು ಜಜ್ಜಿ ಹಾಕು. ಮೂರನೇ ಅತ್ತೆ ಪಕ್ಕದ ಹೊಲಿಗೆ ಅಂಗಡಿಯಿಂದ ಕತ್ತು ಚಾಚಿ, "ಮರಸೇಬಿಗೆ ಯಾರಾದ್ರೂ ಮೆಣಸು ಹಾಕ್ತಾರೇನೆ, ತಲೆ ಕೆಟ್ಟಿದ್ಯಾ?" ಎಂದು ಇವತ್ತೂ ಕೇಳಿದಳು. ಮೂವತ್ತು ವರ್ಷದಿಂದ ಕೇಳುತ್ತಿದ್ದಾಳೆ. ಮರಸೇಬು ಹೊಟ್ಟೆಗೆ ತಂಪು, ಮೆಣಸು ಅದನ್ನು ಹದಕ್ಕೆ ತರುತ್ತದೆ. ನನ್ನ ಅಂಗಡಿಯ ಕಷಾಯಕ್ಕೆ ಜನ ಸಾಲು ನಿಲ್ಲುವುದು ಸುಮ್ಮನೆ ಅಲ್ಲ.

ಮತ್ತೆ ಹೇಳುತ್ತೇನೆ, ಇದನ್ನು ಬೇರೆ ಯಾರಿಗೂ ಹಂಚಬೇಡ. ಒಬ್ಬರ ಮೈ ನೋಡಿ ಬೇಯಿಸಿದ್ದು ಇನ್ನೊಬ್ಬರಿಗೆ ಕೊಡುವುದಲ್ಲ. ನಿನಗೆ ಧಾರಾಳ ಜಾಸ್ತಿ, ಅದಕ್ಕೇ ಹೇಳುತ್ತಿರುವುದು.

ಕೆಲಸಕ್ಕೆ ಹಾಕುವವರಿಗೆ ಆ ಊರೇ ಬೇಕಿತ್ತೇ ಎಂದು ನಾನು ಈಗಲೂ ಬೈಯುತ್ತೇನೆ. ನಿನ್ನಪ್ಪನನ್ನು ನುಂಗಿದ ಮಣ್ಣು ಅದು. ನಿನ್ನೆ ಋತು ಬದಲಾಯಿತಲ್ಲ, ಅವರ ಫೋಟೋ ಮುಂದೆ ಮರಸೇಬಿನ ಸಾರು ಎಡೆ ಇಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ತಪ್ಪಿಸಿಲ್ಲ.

ನಾಲಿಗೆ ನೋಡಿಕೊಂಡು ಬರಿ.

ನಿನ್ನ ಅಮ್ಮ


ಲಾನ್‌ಝೌ
ಅಕ್ಟೋಬರ್ 31, 1983

ಅಮ್ಮಾ,

ಪಾರ್ಸಲ್ ಸಿಕ್ಕಿತು. ನೀನು ಅಷ್ಟು ದೂರದಿಂದ ಕಳಿಸಿದ ಲಿಲ್ಲಿ ಗೆಡ್ಡೆಯ ಪೊಟ್ಟಣದ ಹಿಂದೆ ಏನು ಬರೆದಿದೆ ಗೊತ್ತೇ? "ಲಾನ್‌ಝೌದಲ್ಲಿ ಬೆಳೆದದ್ದು." ನಮ್ಮ ಗಿರಣಿಯ ಗೇಟಿನಿಂದ ಕಾಣುವ ಗುಡ್ಡದ ಮೇಲೆಯೇ ಅದನ್ನು ಬೆಳೆಯುತ್ತಾರೆ! ನಾನೂ ನನ್ನ ಕೋಣೆಯ ಹುಡುಗಿಯರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ತುಟಿ ಕೂಡಿಕೊಂಡಿದೆ. ಮೂಗಿನ ರಕ್ತ ನಿಂತಿದೆ. ನಮ್ಮ ಹಾಸ್ಟೆಲ್‌ನಲ್ಲಿ ಒಲೆ ಹಚ್ಚುವ ಹಾಗಿಲ್ಲ. ಬಿಸಿನೀರಿನ ಬಾಯ್ಲರ್ ಕೋಣೆಯ ಮೂಲೆಯಲ್ಲಿ, ಕೆಂಡದ ಬದಿಗೆ ಮಡಕೆ ಇಡಲು ಅಲ್ಲಿಯ ಕೆಲಸದವರು ಜಾಗ ಕೊಟ್ಟಿದ್ದಾರೆ. ಎಲ್ಲರೂ ಫ್ಲಾಸ್ಕ್ ತಂದು ನೀರು ತುಂಬಿಸಿಕೊಳ್ಳುವ ಜಾಗ ಅದು. ಮಡಕೆಯ ಘಮಕ್ಕೆ ಸಾಲಿನಲ್ಲಿ ನಿಂತವರೆಲ್ಲ ಮೂಗರಳಿಸುತ್ತಾರೆ.

ಒಂದು ವಿಷಯ ಕೇಳಬೇಕಿತ್ತು. ನನಗೆ ಬಾಯಾರಿಕೆ ಬಹಳ ಜಾಸ್ತಿಯಾಗಿದೆ. ಎಷ್ಟು ಕುಡಿದರೂ ನಾಲಿಗೆ ಅಂಟುತ್ತದೆ. ರಾತ್ರಿ ನಾಲ್ಕೈದು ಸಲ ಏಳಬೇಕಾಗುತ್ತದೆ. ಇದಕ್ಕೆ ಇನ್ನೂ ಗಟ್ಟಿಯಾದ ತೇವದ ಅಡುಗೆ ಯಾವುದು? ಮರಸೇಬಿನ ಸಾರು ಕುಡಿದಾಗ ಒಂದು ಗಳಿಗೆ ಹಾಯೆನಿಸುತ್ತದೆ. ಕಲ್ಲುಸಕ್ಕರೆ ಮುಗಿದಿದೆ. ಈ ಸಲ ಜಾಸ್ತಿ ಕಳಿಸು.

ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೇನೆ.

ಕ್ವಾನ್


ಫೋಶಾನ್
ನವೆಂಬರ್ 18, 1983

ಆ-ಕ್ವಾನ್,

ಚೆನ್ನಾಗಿದ್ದೇನೆ ಅನ್ನುತ್ತೀಯ, ರಾತ್ರಿ ಐದು ಸಲ ಏಳುತ್ತೇನೆ ಅನ್ನುತ್ತೀಯ. ಯಾವುದು ನಿಜ?

ಕಾಗದವನ್ನು ಮೂರನೇ ಅತ್ತೆಗೆ ಓದಿ ಹೇಳಿದ್ದೇ ತಪ್ಪಾಯಿತು. ಅವಳು ಕತ್ತರಿ ಕೆಳಗಿಟ್ಟು, "ಅಯ್ಯೋ ಲಿನ್-ಫೋಂಗ್, ಪದೇ ಪದೇ ಏಳೋದು ಬಸುರಿ ಹೆಂಗಸ್ರು ಕಣೆ!" ಎಂದುಬಿಟ್ಟಳು. ಸೌಟು ಕೈಯಿಂದ ಜಾರಿತು. ಮದುವೆಯಾಗದ ಹುಡುಗಿಯ ಬಗ್ಗೆ ಹೀಗೆ ಮಾತಾಡುತ್ತೀಯ ಎಂದು ಅವಳಿಗೆ ಮುಖಮೂತಿ ನೋಡದೆ ಬೈದು, ಮನೆಗೆ ಬಂದು ಅದನ್ನೇ ಯೋಚಿಸುತ್ತಾ ಕೂತೆ. ಹಾಗೇನಾದರೂ ಇದ್ದರೆ ಹೇಳಿಬಿಡು. ಕೊಲ್ಲುವುದಿಲ್ಲ. ಬಂದು ನಾಲ್ಕು ಬಿಡುತ್ತೇನೆ ಅಷ್ಟೆ, ಆಮೇಲೆ ಬಸುರಿಗೆ ಬೇಕಾದ ಸಾರು ಮಾಡುತ್ತೇನೆ.

ಹಾಗಿಲ್ಲದಿದ್ದರೆ ಇದು ಜಠರದ ಒಣಗು. ಕಬ್ಬು ಸೀಳಿ, ದರ್ಭೆಯ ಬೇರು, ಕ್ಯಾರೆಟ್ ಹಾಕಿ ಕುದಿಸಿ ದಿನಕ್ಕೆರಡು ಸಲ ಕುಡಿ. ಕಬ್ಬು ಅಲ್ಲಿ ಸಿಗದು, ಅದಕ್ಕೆ ಒಣಗಿಸಿ ಕಳಿಸಿದ್ದೇನೆ. ಜೇನಿನಲ್ಲಿ ಅದ್ದಿದ ಖರ್ಜೂರ ಇಪ್ಪತ್ತು ಇದೆ. ಕಲ್ಲುಸಕ್ಕರೆ ದೊಡ್ಡ ಡಬ್ಬಿಯಲ್ಲಿ ತುಂಬಿಸಿದ್ದೇನೆ. ಮರಸೇಬಿಗೆ ಒಂದು ಹಿಡಿ ಹಾಕು, ಜಿಪುಣತನ ಮಾಡಬೇಡ.

ಆದರೆ ನನಗೆ ಸಮಾಧಾನವಿಲ್ಲ. ನೀನು ಹುಟ್ಟಿದಾಗಿನಿಂದ ನಿನ್ನ ಮೈಯಲ್ಲಿ ತೇವ ಹೆಚ್ಚೇ, ಕಡಿಮೆ ಅಲ್ಲ. ಒಂದೇ ಋತುವಿಗೆ ಮೈ ಇಷ್ಟು ತಿರುಗುವುದಿಲ್ಲ. ಅದಕ್ಕೆ ಹೇಳುತ್ತೇನೆ, ಕೇಳು. ಬೆಳಿಗ್ಗೆ ಏನೂ ಬಾಯಿಗೆ ಹಾಕುವ ಮೊದಲು, ಕಿಟಕಿಯ ಬೆಳಕಿನಲ್ಲಿ, ಕನ್ನಡಿ ಹಿಡಿದು ನಾಲಿಗೆ ಚಾಚು. ಕಂಡದ್ದನ್ನು ಕಂಡ ಹಾಗೆ ಪೆನ್ಸಿಲ್‌ನಲ್ಲಿ ಬಿಡಿಸಿ ಕಳಿಸು. ಗೀರು ಎಲ್ಲಿದೆ, ಪದರ ಎಲ್ಲಿ ದಪ್ಪ, ಅಂಚಿನಲ್ಲಿ ಹಲ್ಲಿನ ಗುರುತಿದೆಯೇ, ಬಣ್ಣವೇನು, ಪಕ್ಕದಲ್ಲಿ ಬರಿ. ಚಂದ ಕಾಣಲಿ ಎಂದು ತಿದ್ದಬೇಡ. ಶಾಲೆಯಲ್ಲಿ ನಿನಗೆ ಚಿತ್ರಕ್ಕೆ ಬಹುಮಾನ ಬಂದಿತ್ತಲ್ಲ, ಅದು ಇದಕ್ಕಾದರೂ ಉಪಯೋಗಕ್ಕೆ ಬರಲಿ.

ಅಮ್ಮ


ಲಾನ್‌ಝೌ
ಡಿಸೆಂಬರ್ 17, 1983

ಅಮ್ಮಾ,

ಮೂರನೇ ಅತ್ತೆಗೆ ಹೇಳು, ಬಸುರೂ ಇಲ್ಲ, ಬಾಣಂತನವೂ ಇಲ್ಲ. ಅವಳ ಬಾಯಿಗೆ ಅವಳದೇ ಸೂಜಿಯಲ್ಲಿ ಹೊಲಿಗೆ ಹಾಕಿಕೊಳ್ಳಲಿ.

ನೀನು ಹೇಳಿದಂತೆ ದಿನಕ್ಕೆರಡು ಸಲ ಕಬ್ಬಿನ ನೀರು, ಸಂಜೆ ಮರಸೇಬು, ಒಂದು ದಿನವೂ ತಪ್ಪಿಲ್ಲ. ಆದರೂ ಬಾಯಾರಿಕೆ ಇಳಿದಿಲ್ಲ, ಏರಿದೆ. ಊಟ ಸೇರುತ್ತದೆ, ಆದರೆ ಮೈ ಇಳಿಯುತ್ತಿದೆ. ಕಾಲಿನ ಹೆಬ್ಬೆರಳಲ್ಲಿ ಚಳಿಗೋ ಏನೋ ಒಂದು ಸಣ್ಣ ಹುಣ್ಣಾಗಿ, ತಿಂಗಳಾದರೂ ಮಾಯುತ್ತಿಲ್ಲ.

ಚಿತ್ರ ಇಟ್ಟಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಬಿಡಿಸಿದ್ದೇನೆ. ಬಣ್ಣ ಕಡುಗೆಂಪು, ಮಾಂಸದಂಗಡಿಯ ಯಕೃತ್ತಿನ ಹಾಗೆ. ಪದರ ಹಳದಿ, ಒಣಗಿ ಬಿರುಕು ಬಿಟ್ಟಿದೆ.

ಬೇಗ ಉತ್ತರ ಬರಿ.

ಕ್ವಾನ್


ಫೋಶಾನ್
ಡಿಸೆಂಬರ್ 28, 1983

ಕ್ವಾನ್,

ಮೊದಲು ಸಕ್ಕರೆ ನಿಲ್ಲಿಸು. ಈ ಸಾಲು ಓದಿದ ಕೂಡಲೇ ಎದ್ದು ಹೋಗಿ ನಿಲ್ಲಿಸು. ಮರಸೇಬು, ಕಬ್ಬು, ಖರ್ಜೂರ, ಅಂಜೂರ, ಯಾವುದೂ ಬೇಡ. ಡಬ್ಬಿಯನ್ನು ಯಾರಿಗಾದರೂ ಕೊಟ್ಟುಬಿಡು. ಆಮೇಲೆ ಬಂದು ಉಳಿದದ್ದು ಓದು.

ಈ ನಾಲಿಗೆ ನಿನ್ನದಲ್ಲ.

ನಾನು ಒಲೆಯ ಮುಂದೆ ನಿಂತು ಲಕೋಟೆ ಒಡೆದೆ. ಚಿತ್ರ ಬಿಡಿಸಿ ನೋಡಿದೆ. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಮೂರನೇ ಅತ್ತೆ ಓಡಿ ಬಂದು, "ಲಿನ್-ಫೋಂಗ್, ಹೊಗೆ! ಕಣ್ಣು ಕಾಣಿಸ್ತಿಲ್ವಾ?" ಎಂದು ಕೂಗಿದಾಗ ನೋಡಿದರೆ ಮಡಕೆ ಸೀದು ತಳ ಬಿರಿದಿತ್ತು. ನನ್ನ ಕೈಯಲ್ಲಿ ಮಡಕೆ ಸೀದದ್ದು ಇದೇ ಮೊದಲು. ನಾನು ಅಲ್ಲೇ ನೆಲದ ಮೇಲೆ ಕೂತಿದ್ದೆನಂತೆ.

ನಡುವಿನ ಗೀರು ಬುಡದಿಂದ ನೇರ ಬಂದು ತುದಿಯ ಹತ್ತಿರ ಎರಡಾಗಿ ಕವಲೊಡೆಯುತ್ತದೆ. ಎಡ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಒಂದು ಚೂರು ಇಲ್ಲ. ಆ ಚೂರು ಎಲ್ಲಿ ಹೋಯಿತು ಎಂದು ನನಗೆ ಗೊತ್ತು. ಹನ್ನೆರಡು ವರ್ಷದ ಹುಡುಗನೊಬ್ಬ ಮನೆ ಹಿಂದಿನ ಲೊಂಗನ್ ಹಣ್ಣಿನ ಮರದಿಂದ ಬಿದ್ದು ತನ್ನ ನಾಲಿಗೆಯನ್ನೇ ಕಚ್ಚಿಕೊಂಡಿದ್ದ. ಮದುವೆಯಾದ ಮಾರನೆಯ ಬೆಳಿಗ್ಗೆ ನಾನು, "ನಾಲಿಗೆ ತೋರ್ಸಿ" ಎಂದಾಗ ನಾಚಿಕೊಂಡು ಆ ಕಥೆ ಹೇಳಿದ. ಆರು ವರ್ಷ, ದಿನಾ ಬೆಳಿಗ್ಗೆ, ನಾನು ಆ ನಾಲಿಗೆ ನೋಡಿ ಸಾರು ಇಟ್ಟಿದ್ದೇನೆ. ನಿನಗೆ ಆಗ ಒಂದು ವರ್ಷ. ಸಭೆಯಲ್ಲಿ ಆಡಬಾರದ ಮಾತು ಆಡಿದನೆಂದು ಅವನಿಗೆ ಪಕ್ಷದ ವಿರೋಧಿ ಎಂಬ ಹಣೆಪಟ್ಟಿ ಹಚ್ಚಿ ಈಗ ನೀನಿರುವ ಕಡೆಯ ಶಿಕ್ಷೆಯ ಶಿಬಿರಕ್ಕೆ ಕಳಿಸಿದರು. ಮೂರು ವರ್ಷಕ್ಕೆ ಸತ್ತನೆಂದು ಮೊಹರು ಒತ್ತಿದ ಕಾಗದ ಬಂತು. ನಾನು ಬಿಳಿ ಬಟ್ಟೆ ಉಟ್ಟೆ.

ಸತ್ತವನ ನಾಲಿಗೆಯನ್ನು ನನ್ನ ಮಗಳು ಎಲ್ಲಿ ನೋಡಿದಳು?

ಇದನ್ನು ಬರೆಯಲೇಬೇಕು. ಇದು ಯಾರ ನಾಲಿಗೆಯೇ ಆಗಿರಲಿ, ಅದು ಶರತ್ಕಾಲದ ಒಣಗು ಅಲ್ಲ. ಕುಡಿದಷ್ಟೂ ಬಾಯಾರುವುದು, ತಿಂದಷ್ಟೂ ಇಳಿಯುವುದು, ಕಾಲಿನ ಹುಣ್ಣು ಮಾಯದಿರುವುದು. ಇದೇ ರೋಗದಲ್ಲಿ ನನ್ನ ಮಾವ, ನಿನ್ನ ಅಜ್ಜ, ಕಾಲು ಕೊಳೆತು ಸತ್ತರು. ಅವರ ಮೂತ್ರಕ್ಕೆ ಇರುವೆ ಮುತ್ತುತ್ತಿತ್ತು. ಇಪ್ಪತ್ತಾರರ ಹುಡುಗಿಯ ಒಣಗು ಎಂದು ನಂಬಿ ನಾನು ಮೂರು ತಿಂಗಳು ಆ ಮೈಗೆ ಡಬ್ಬಿಗಟ್ಟಲೆ ಸಕ್ಕರೆ ಸುರಿದಿದ್ದೇನೆ. ಹಂಚಬೇಡ ಎಂದು ಬಾಯಿ ಬಡಿದುಕೊಂಡಿದ್ದೆನಲ್ಲೇ!

ಆ ಮನುಷ್ಯನನ್ನು ಇವತ್ತೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು. ಆಮೇಲೆ ಅವನು ಯಾರೆಂದು ನನಗೆ ಬರಿ.

ಅಮ್ಮ


ಲಾನ್‌ಝೌ
ಜನವರಿ 9, 1984

ಅಮ್ಮಾ,

ಸುಳ್ಳು ಹೇಳಿದೆ. ಹೊಡಿ, ಬೈ, ಏನು ಬೇಕಾದರೂ ಮಾಡು. ಬಾಯಾರಿಕೆ ನನ್ನದಲ್ಲ. ಬಾಯ್ಲರ್ ಕೋಣೆಯ ಚೆನ್ ಎನ್ನುವ ಮನುಷ್ಯನದು. ನಮ್ಮ ಕಡೆಯ ಭಾಷೆ ಆಡುವವರು ಈ ಊರಲ್ಲಿ ಅವರೊಬ್ಬರೇ. ಹಾಗಾಗಿ ನಾನು ಅವರನ್ನು ದೊಡ್ಡಪ್ಪಾ ಎಂದು ಕರೆಯುತ್ತಿದ್ದೆ. ಊರಿಗೆಲ್ಲ ನೀರು ತುಂಬಿಸಿಕೊಡುವ ಮನುಷ್ಯ, ದಿನವಿಡೀ ತಾನೇ ಗಟಗಟ ಕುಡಿಯುತ್ತಿದ್ದರು. ನನ್ನ ಮಡಕೆಗೆ ಜಾಗ ಕೊಟ್ಟರಲ್ಲ ಎಂದು ಒಂದು ಬಟ್ಟಲು ಕೊಟ್ಟೆ. ಆಮೇಲೆ ದಿನಾ ಕೊಟ್ಟೆ. ಹಂಚಬೇಡ ಎಂದು ನೀನು ಬರೆದಿದ್ದಕ್ಕೆ ನನಗೇ ಕಾಯಿಲೆ ಎಂದು ಬರೆದೆ.

ನಿನ್ನ ಕಾಗದ ಹಿಡಿದುಕೊಂಡೇ ಓಡಿದೆ. ಅವರು ಯಾರದೋ ಫ್ಲಾಸ್ಕಿಗೆ ನೀರು ಬಿಡುತ್ತಿದ್ದರು. ನಾನು ಸಾಲಿನವರ ಮುಂದೆಯೇ ಅಪ್ಪನ ಹೆಸರು ಹಿಡಿದು, "ಫುಂಗ್ ಜಿಕ್-ಸಾನ್!" ಎಂದು ಕೂಗಿದೆ. ಅವರು ತಿರುಗಲಿಲ್ಲ. ನಲ್ಲಿಯನ್ನೂ ನಿಲ್ಲಿಸಲಿಲ್ಲ. ಫ್ಲಾಸ್ಕ್ ತುಂಬಿ, ಕುದಿಯುವ ನೀರು ಅವರ ಕೈ ಮೇಲೆ ಹರಿಯಿತು. ಪಕ್ಕದಲ್ಲಿದ್ದ ಹೆಂಗಸು ಚೀರಿ ನಲ್ಲಿ ತಿರುಗಿಸಿದಳು.

ಎಲ್ಲರೂ ಹೋದ ಮೇಲೆ ಕೇಳಿದೆ. "ಯಾವಾಗ ಗೊತ್ತಾಯ್ತು ನಿಮಗೆ?"

"ಮೊದಲನೇ ಬಟ್ಟಲಲ್ಲೇ. ಮರಸೇಬಿಗೆ ಮೆಣಸು ಹಾಕೋಳು ಈ ಲೋಕದಲ್ಲಿ ಒಬ್ಳೇ."

"ಮೂರು ತಿಂಗಳು! ಮೂರು ತಿಂಗಳು ನನ್ನ ಕೈಲಿ ದೊಡ್ಡಪ್ಪ ಅನ್ನಿಸ್ಕೊಂಡ್ರಲ್ಲ! ಬಾಯಿ ಬಿಡೋಕೆ ಏನಾಗಿತ್ತು?"

"ಅಪ್ಪ ಅಂತ ಹೇಳ್ಕೊಳ್ಳೋಕೆ ನಾನೇನು ಮಾಡಿದ್ದೀನಿ ಮಗೂ?"

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಶಿಬಿರದಲ್ಲಿ ಅವರ ಪಕ್ಕದ ಹಾಸಿಗೆಯಲ್ಲಿ ಚೆನ್ ಎನ್ನುವವರಿದ್ದರು. ಹಿಂದೆ ಮುಂದೆ ಯಾರೂ ಇಲ್ಲದವರು, ಶಿಕ್ಷೆಯ ಅವಧಿ ಮುಗಿದಿತ್ತು. ಆ ಚೆನ್ ತೀರಿಕೊಂಡ ಬೆಳಿಗ್ಗೆ ಇಬ್ಬರ ಅಂಗಿಗೆ ಹೊಲಿದ ಹೆಸರಿನ ಪಟ್ಟಿಯನ್ನು ಅಪ್ಪ ಅದಲು ಬದಲು ಮಾಡಿದರು. "ನಾನು ಬದುಕಿರೋವರೆಗೆ ಆ ಹಣೆಪಟ್ಟಿ ನಿನ್ನ ಹಣೇಲೂ ಇರೋದು. ಶಾಲೆಗೆ ಸೇರಿಸ್ತಿರ್ಲಿಲ್ಲ ನಿನ್ನ. ನಾನು ಸತ್ರೆ ನೀನು ಬರೀ ತಂದೆಯಿಲ್ಲದ ಮಗು."

"ಕಾಲ ಬದಲಾಯ್ತಲ್ಲ, ಆಮೇಲಾದ್ರೂ ಬರಬಾರ್ದಿತ್ತಾ?"

"ಅವಳು ಬೇರೆ ಮದುವೆ ಮಾಡ್ಕೊಂಡಿರ್ತಾಳೆ ಅಂದ್ಕೊಂಡೆ. ಸತ್ತವನು ಹೋಗಿ ಬಾಗಿಲು ಬಡಿಯೋದಾ?"

ಅಮ್ಮಾ, ಇನ್ನೊಂದು ಇದೆ. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಸಕ್ಕರೆ ತನಗೆ ವಿಷ ಎಂದು ಅವರಿಗೆ ಗೊತ್ತಿತ್ತು. ತಮ್ಮಪ್ಪ ಸತ್ತದ್ದು ಕಂಡವರಲ್ಲವೇ? ಗೊತ್ತಿದ್ದೇ ಕುಡಿದರು. ಯಾಕೆ ಎಂದು ನಾನು ಕಿರುಚಿದೆ. "ಅವಳ ಕೈಯಡುಗೆ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ" ಎಂದರು.

ಚಿತ್ರ ಬಿಡಿಸಲು ನಾಲಿಗೆ ಚಾಚಿ ಎಂದು ಕೇಳಿದ ದಿನ ಅವರು ಕೈಯ ಬಟ್ಟಲನ್ನು ಕೆಳಗಿಟ್ಟರು. "ನಿಮ್ಮಮ್ಮ ನೋಡ್ತಾಳಾ?" ಎಂದರು. ನಾನು ಹೂಂ ಎಂದೆ. ಆಮೇಲೆ ಚಾಚಿದರು.

ಆಸ್ಪತ್ರೆಗೆ ಸೇರಿಸಿದ್ದೇನೆ. ದಿನಕ್ಕೆರಡು ಚುಚ್ಚುಮದ್ದು. ಹೆಬ್ಬೆರಳು ಕಪ್ಪಾಗಿದೆ, ನಾಳೆ ತೆಗೆಯುತ್ತಾರೆ. ನನಗೆ ಅಳಲೂ ಬರುತ್ತಿಲ್ಲ.

ಕ್ವಾನ್


ಫೋಶಾನ್
ಜನವರಿ 20, 1984

ಫುಂಗ್ ಜಿಕ್-ಸಾನ್,

ನೀನು ಬದುಕಿದ್ದೀಯ ಎಂದು ನಿನ್ನ ಮಗಳು ಬರೆದಿದ್ದಾಳೆ. ಒಳ್ಳೆಯದು. ಹಾಗಾದರೆ ನನ್ನ ಪ್ರಶ್ನೆಗಳಿಗೆ ನೀನೇ ಉತ್ತರ ಹೇಳು.

ಇಪ್ಪತ್ತೆರಡು ವರ್ಷ ನಾನು ಯಾರಿಗೆ ಎಡೆ ಇಟ್ಟೆ? ಪ್ರತಿ ಋತುವಿಗೆ ಒಂದು ಸಾರು, ಚಳಿಗಾಲದ ಹಬ್ಬಕ್ಕೆ ಬಾತುಕೋಳಿ, ಹಿರಿಯರ ಗೋರಿ ತೊಳೆಯುವ ದಿನ ನಿನಗಿಷ್ಟವಾದ ನೀರುಸಿಂಗಾಡೆಯ ಹಲ್ವ. ಗೋರಿಯೂ ಇಲ್ಲದವನೆಂದು ಹೊಳೆಯ ದಂಡೆಯಲ್ಲಿ ಊದುಬತ್ತಿ ಹಚ್ಚಿದೆ. ಆ ಹೊತ್ತಿಗೆ ನೀನು ಅಲ್ಲಿ ಜನಕ್ಕೆ ಬಿಸಿನೀರು ಹಂಚುತ್ತಾ ನಿಂತಿದ್ದೆ! ಮದುವೆ ಮಾಡಿಕೊಂಡಿರುತ್ತಾಳೆ ಎಂದುಕೊಂಡೆಯಂತೆ. ಯಾರು ಹೇಳಿದರು ಹಾಗೆ ಅಂದುಕೊಳ್ಳಲು? ಕೇಳಲಿಲ್ಲ, ಬರೆಯಲಿಲ್ಲ, ನೀನೇ ಸತ್ತೆ, ನೀನೇ ನನಗೆ ಮದುವೆ ಮಾಡಿಸಿದೆ.

ಮಗಳಿಗಾಗಿ ಮಾಡಿದೆ ಎನ್ನುವುದನ್ನು ನಾನು ಒಪ್ಪುತ್ತೇನೆ. ಅವಳು ಓದಿದಳು. ಆ ಒಂದು ವಿಷಯಕ್ಕೆ ನನಗೆ ಬಾಯಿ ಕಟ್ಟುತ್ತದೆ. ಆದರೆ ಸಕ್ಕರೆಯ ವಿಷಯಕ್ಕೆ ಕಟ್ಟುವುದಿಲ್ಲ. ಗೊತ್ತಿದ್ದೂ ಕುಡಿದೆಯಲ್ಲ, ನನ್ನ ಕೈಯಿಂದಲೇ ನಿನ್ನನ್ನು ಕೊಲ್ಲಿಸಲು ಹೊರಟಿದ್ದೆಯಲ್ಲ, ಪಾಪಿ. ಇದನ್ನು ಮಾತ್ರ ನಾನು ಕ್ಷಮಿಸುವುದಿಲ್ಲ.

ಈಗ ಹೇಳುವುದನ್ನು ಕೇಳು. ಡಾಕ್ಟರ ಚುಚ್ಚುಮದ್ದು ಒಂದೂ ತಪ್ಪಿಸಬಾರದು. ಅದರ ಜೊತೆಗೆ, ಜೋಳದ ತೆನೆಯ ಕೂದಲು ಕುದಿಸಿದ ನೀರು, ಬೂದುಗುಂಬಳ, ಹಾಗಲಕಾಯಿ. ಒಣಗಿಸಿದ ಹಾಗಲ ಕಳಿಸಿದ್ದೇನೆ. ನಿನಗೆ ಹಾಗಲಕಾಯಿ ಕಂಡರೆ ಆಗದು ಎಂದು ನನಗೆ ನೆನಪಿದೆ. ತಿನ್ನು. ಪ್ರತಿ ಭಾನುವಾರ ಬೆಳಿಗ್ಗೆ ನಾಲಿಗೆ ಚಾಚು, ಮಗಳು ಬಿಡಿಸಿ ಕಳಿಸಲಿ. ನಾನು ಬರುವುದಿಲ್ಲ. ಬಿಟ್ಟು ಹೋದವನು ನೀನು, ನೀನೇ ನಡೆದುಕೊಂಡು ಬರಬೇಕು.

ಮಾಕ್ ಲಿನ್-ಫೋಂಗ್
ಇಪ್ಪತ್ತೆರಡು ವರ್ಷದಿಂದ ವಿಧವೆ


ಲಾನ್‌ಝೌ, ಆಸ್ಪತ್ರೆ
ಫೆಬ್ರವರಿ 8, 1984

ಲಿನ್-ಫೋಂಗ್,

ನಿನ್ನ ಕಾಗದ ಹನ್ನೊಂದು ಸಲ ಓದಿದೆ. ಪಕ್ಕದ ಹಾಸಿಗೆಯವನು, "ಏನು ಲವ್ ಲೆಟರ್ರಾ?" ಎಂದು ಕೇಳಿದ. ಹೌದು, ಪಾಪಿ ಎಂದು ಬೈದಿದ್ದಾಳೆ ಎಂದೆ.

ನೀನು ಬೈದದ್ದೆಲ್ಲ ಸರಿ. ಹೆಬ್ಬೆರಳು ಹೋಯಿತು. ಜ್ವರ ಇಳಿದಿದೆ. ಹಾಗಲಕಾಯಿ ತಿನ್ನುತ್ತಿದ್ದೇನೆ, ಅಷ್ಟೇ ಕಹಿ ಇದೆ. ಮಗಳು ನಿನ್ನೆ ಮೊದಲ ಸಲ ಅಪ್ಪಾ ಎಂದಳು. ಏನೋ ನೆನಪು ತಪ್ಪಿ ಬಾಯಿಗೆ ಬಂತು, ಕೂಡಲೇ ತುಟಿ ಕಚ್ಚಿಕೊಂಡಳು. ನಾನು ಕೇಳಿಸದ ಹಾಗೆ ಇದ್ದೆ.

ನಡೆದುಕೊಂಡೇ ಬರುತ್ತೇನೆ. ಒಂಬತ್ತು ಬೆರಳಿನಲ್ಲಿ ಬರಲು ಅಪ್ಪಣೆ ಇದೆಯೇ?

ಜಿಕ್-ಸಾನ್


ಫೋಶಾನ್
ಫೆಬ್ರವರಿ 25, 1984

ಆ-ಕ್ವಾನ್,

ಮೂರು ಚಿತ್ರ ಬಂದಿವೆ. ಹಳದಿ ಪದರ ತುದಿಯಿಂದ ಹಿಂದೆ ಸರಿದಿದೆ. ಕಡುಗೆಂಪು ಸ್ವಲ್ಪ ಇಳಿದಿದೆ. ಮೂರನೆಯದರಲ್ಲಿ ಅಂಚಿಗೆ ಹಲ್ಲಿನ ಗುರುತು ಬಂದಿದೆ, ಅಂದರೆ ಉಪ್ಪು ಜಾಸ್ತಿ ತಿಂದಿದ್ದಾನೆ. ಯಾರು ಕದ್ದು ಉಪ್ಪಿನಕಾಯಿ ಕೊಟ್ಟರು ಎಂದು ಕೇಳು.

ಪದರ ತೆಳುವಾಗಿ ಬಿಳಿಯಾದ ದಿನ ರೈಲು ಹತ್ತಿಸು. ಅದಕ್ಕೆ ಮೊದಲು ಬೇಡ. ಲೊಂಗನ್ ಹೂ ಬಿಡುವ ಹೊತ್ತಿಗೆ ಆದೀತು. ಫೋಟೋವನ್ನು ಗೋಡೆಯಿಂದ ತೆಗೆದು ಬೀರುವಿನಲ್ಲಿಟ್ಟಿದ್ದೇನೆ. ಬದುಕಿರುವವನ ಮುಂದೆ ಊದುಬತ್ತಿ ಹಚ್ಚುವುದು ಅಪಶಕುನ. ಮೂರನೇ ಅತ್ತೆ ಅವನಿಗೆ ಒಂದು ಹತ್ತಿಯ ಅಂಗಿ ಹೊಲಿಯುತ್ತಿದ್ದಾಳೆ. "ಸತ್ತವನ ಅಳತೆ ಯಾರ ಹತ್ರ ಕೇಳ್ಲಿ?" ಎಂದಳು. ನಾನು ಅಳತೆ ಹೇಳಿದೆ. ನೆನಪಿತ್ತು.

ಒಂಬತ್ತು ಬೆರಳು ಸಾಕು ಎಂದು ಹೇಳು.

ಅಮ್ಮ


ಲಾನ್‌ಝೌ
ಮಾರ್ಚ್ 27, 1984

ಅಮ್ಮಾ,

ಅಪ್ಪ ಚೆನ್ನಾಗಿದ್ದಾರೆ. ಗಾಯ ಮಾಯುತ್ತಿದೆ. ಈ ಭಾನುವಾರದ ಚಿತ್ರ ಇಟ್ಟಿದ್ದೇನೆ. ಕೈಗೆ ಚುಚ್ಚುಮದ್ದಿನ ನೋವಿರುವುದರಿಂದ ಅವರೇ ಬರೆಯಲು ಆಗುತ್ತಿಲ್ಲ. ಹಾಗಲಕಾಯಿ ಇನ್ನೂ ಇದೆ, ಸದ್ಯಕ್ಕೆ ಕಳಿಸಬೇಡ.

ಗಿರಣಿಯಲ್ಲಿ ಕೆಲಸ ಹೆಚ್ಚು. ಹೊಸ ಯಂತ್ರ ಪದೇ ಪದೇ ಕೈಕೊಡುತ್ತಿದೆ. ಹೆಚ್ಚು ಬರೆಯಲು ಆಗಲಿಲ್ಲ.

ಕ್ವಾನ್


ಫೋಶಾನ್
ಏಪ್ರಿಲ್ 8, 1984

ನನ್ನ ಮಗಳೇ,

ಎಲ್ಲ ಚಿತ್ರಗಳನ್ನೂ ಕಿಟಕಿಯ ಕೆಳಗೆ ಸಾಲಾಗಿ ಹರಡಿ ನೋಡಿದೆ. ಫೆಬ್ರವರಿಯ ನಾಲ್ಕೂ ಬೇರೆ ಬೇರೆ. ಮಾರ್ಚ್ ನಾಲ್ಕನೆಯ ತಾರೀಖಿನದರಲ್ಲಿ ಪದರ ಒಮ್ಮೆಲೇ ಕಪ್ಪಾಗಿದೆ, ನಾಲಿಗೆ ಕುಗ್ಗಿ ಒಂದು ಕಡೆ ವಾಲಿದೆ. ಅದನ್ನು ನೋಡಿದ ದಿನವೇ ನನಗೆ ಭಯ ಹುಟ್ಟಿತ್ತು. ಆದರೆ ಹನ್ನೊಂದನೆಯ ತಾರೀಖಿನದು ತೆಳು ಬಿಳಿ ಪದರದ ಚಂದದ ನಾಲಿಗೆ. ಹದಿನೆಂಟರದ್ದೂ ಅದೇ. ಇಪ್ಪತ್ತೈದರದ್ದೂ ಅದೇ. ತುದಿಯ ಕೆಂಪು ಚುಕ್ಕೆ ಮೂರರಲ್ಲೂ ಅದೇ ಜಾಗದಲ್ಲಿದೆ.

ಬದುಕಿರುವವರ ನಾಲಿಗೆ ಎರಡು ದಿನ ಒಂದೇ ಥರ ಇರುವುದಿಲ್ಲ ಮಗಳೇ. ಮೂರು ವಾರ ಒಂದೇ ಥರ ಇರುವುದು ಸಾಧ್ಯವೇ ಇಲ್ಲ.

ಅವರೇ ಹೇಳಿರಬೇಕು ನಿನಗೆ, ಅವಳಿಗೆ ಎರಡನೆಯ ಸಲ ಬಿಳಿ ಬಟ್ಟೆ ಉಡಿಸಬೇಡ ಎಂದು. ಅಪ್ಪನೂ ಹಾಗೇ, ಮಗಳೂ ಹಾಗೇ. ಒಬ್ಬರು ಬದುಕಿದ್ದಾಗ ಸತ್ತೆ ಎಂದರು, ಅವರು ಸತ್ತ ಮೇಲೆ ನೀನು ಬದುಕಿದ್ದಾರೆ ಎಂದೆ. ನಿಮ್ಮಿಬ್ಬರಿಗೂ ನನ್ನ ಮೇಲೆ ಅಷ್ಟು ಕನಿಕರ. ಬೈಯಲು ಬಾಯಿ ತೆರೆದರೆ ಬರುತ್ತಿರುವುದು ಅಳು.

ನಾಲ್ಕು ದಿನದ ಹಿಂದೆ ಹಿರಿಯರ ಗೋರಿ ತೊಳೆಯುವ ದಿನ ಇತ್ತು. ಬೀದಿಯವರೆಲ್ಲ ಬುಟ್ಟಿ ಹಿಡಿದು ಹೊರಟಾಗ ನಾನು ಬಾಗಿಲಲ್ಲಿ ಕೂತು, "ನಮ್ಮನೇಲಿ ಯಾರೂ ಸತ್ತಿಲ್ಲ" ಎಂದು ಜಂಬದಿಂದ ಹೇಳಿದೆ. ಇಪ್ಪತ್ತೆರಡು ವರ್ಷ ಬದುಕಿದ್ದವರಿಗೆ ತಪ್ಪದೆ ಎಡೆ ಇಟ್ಟೆ. ನಿಜವಾಗಿ ಸತ್ತ ವರ್ಷ ಉಪವಾಸ ಕೆಡವಿದೆ. ಇದನ್ನು ಯಾರಿಗೆ ಹೇಳಲಿ ನಾನು?

ಹೋದ ದಿನ ಯಾವುದೆಂದು ಸರಿಯಾಗಿ ಬರಿ. ಯಾವ ಹೆಸರಿನಲ್ಲಿ ಸುಟ್ಟರೆಂದೂ ಬರಿ. ಚೆನ್ ಎಂದು ಬರೆದಿದ್ದರೆ ಹೋಗಿ ಸರಿ ಮಾಡಿಸು, ಜಗಳವಾದರೂ ಚಿಂತೆಯಿಲ್ಲ. ಬೂದಿ ತೆಗೆದುಕೊಂಡು ಬಾ. ಮೂರನೇ ಅತ್ತೆಯ ಅಂಗಿ ಮುಗಿದಿದೆ, ಅದನ್ನು ಬೂದಿಯ ಜೊತೆ ಇಡುತ್ತೇವೆ. ಬರುವ ಮೊದಲು ನಿನ್ನ ನಾಲಿಗೆಯ ಚಿತ್ರ ಕಳಿಸು. ಈ ಸಲ ನಿನ್ನದೇ.

ಫೋಟೋ ಗೋಡೆಗೆ ವಾಪಸು ಹಾಕಿದ್ದೇನೆ. ಮರಸೇಬು ಹೆಚ್ಚಿಟ್ಟಿದ್ದೇನೆ, ಮೂರು ಕಾಳು ಬಿಳಿಮೆಣಸು ಜಜ್ಜಿದ್ದೇನೆ. ಕಲ್ಲುಸಕ್ಕರೆ ಒಂದು ಹಿಡಿ ಹಾಕುತ್ತೇನೆ. ಈಗ ಅವರಿಗೆ ಹಾಕಬಹುದು.

ನಿನ್ನ ಅಮ್ಮ